ನೀನು ಸೀಳಿದ ಗುಡ್ಡ

ಟೂಸಾನ್, ಸೆಪ್ಟೆಂಬರ್

ಅಪ್ಪಾ,

ಇವತ್ತು ನಿನ್ನ ದಾರಿಯನ್ನು ಮುಚ್ಚಿದೆ. ಯಾರನ್ನೂ ಕೇಳದೆ, ಸೈಕಲ್ ಇಳಿಸಲೆಂದು ನೀನು ಗುಡ್ಡದ ನೆತ್ತಿಯಿಂದ ನೆಟ್ಟಗೆ ಕಡಿದಿದ್ದೆಯಲ್ಲ, ಅದು. ನೀನು ತೀರಿಕೊಂಡ ಮೇಲೆ ಮಳೆನೀರು ಅದರಲ್ಲೇ ಹರಿದು ಸೊಂಟದಾಳದ ಕೊರಕಲಾಗಿತ್ತು. ಹೋದ ವಾರ ಅಲ್ಲಿ ಸೈಕಲ್ಲಿನಿಂದ ಬಿದ್ದು ಒಬ್ಬ ಹುಡುಗಿಯ ಭುಜ ಮುರಿಯಿತು.

"ನಿಮ್ಮಪ್ಪ ಸೈಕಲ್ ತಿರುಗಿಸೋಕೆ ಕಲೀಲೇ ಇಲ್ಲ ಕಣಮ್ಮ, ಅದಕ್ಕೆ ಗುಡ್ಡಾನೇ ಸೀಳ್ದ," ಎಂದ, ಸಹಾಯಕ್ಕೆ ಇನ್ನಿಬ್ಬರನ್ನು ಕರೆತಂದಿದ್ದ ನಿನ್ನ ಗೆಳೆಯ ರಮೀರೋ. ಆಮೇಲೆ ಮೆಲ್ಲಗೆ, "ನೀನು ಕೂತ್ಕೋ. ನಾವು ಮುಚ್ತೀವಿ."

"ಬೇಡ. ನಾನೇ ಮುಚ್ತೀನಿ."

ದಾರಿ ಕಂಡರೆ ಸವಾರರು ಎಂಥ ಬೇಲಿಯನ್ನೂ ಕೀಳುತ್ತಾರೆ, ನೀನೂ ಕಿತ್ತವನೇ. ಅದಕ್ಕೇ ಬೇಲಿ ಹಾಕದೆ ದಾರಿಯನ್ನೇ ಮರೆಮಾಡಿದೆ. ಕೊರಕಲಿಗೆ ಕಲ್ಲು ತುಂಬಿ, ಸತ್ತ ಕಳ್ಳಿ, ಒಣಪೊದೆಗಳನ್ನು ಅಲ್ಲೇ ಬೆಳೆದವೇನೋ ಎಂಬಂತೆ ನೆಟ್ಟಗೆ ಹೂತೆ.

"ನನ್ನ ಹಿಂದೆ ಇಳಿದು ಬಾ" ಎಂದು ನೀನು ಕರೆದಾಗಲೆಲ್ಲ ನಾನು ಸುತ್ತಿನ ಕಾಲುದಾರಿ ಹಿಡಿಯುತ್ತಿದ್ದೆ. ನಿನ್ನ ದಾರಿಯನ್ನು ಉದ್ದಕ್ಕೂ ನಡೆದದ್ದು ಇವತ್ತೇ, ಹಾರೆ ಹೊತ್ತು.

ಮಧ್ಯಾಹ್ನ ಸುತ್ತಿನ ದಾರಿಯಲ್ಲಿ ಇಬ್ಬರು ಸವಾರರು ಬಂದರು. ಕೈ ಬೀಸಿ, ಪೊದೆಗಳತ್ತ ಕತ್ತೂ ತಿರುಗಿಸದೆ ಮುಂದೆ ಹೋದರು.

"ಗೆದ್ದೆ ಬಿಡು," ಎಂದ ರಮೀರೋ.

ಹೊರಡುವಾಗ ತಿರುಗಿ ನೋಡಿದರೆ ನಿನ್ನ ದಾರಿ ಎಲ್ಲಿತ್ತೆಂದು ನನಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹುಡುಕಿದೆ.