ಅಕ್ಕನ ಮಾತ್ರೆಗೂ ನಿಮ್ಮ ಮುಳ್ಳಿಗೂ ಏನು ಸಂಬಂಧ?

ನಮ್ಮ ಚರ್ಚಿನ ಮಾನ್ಯ ನೀತಿ ಅಧಿಕಾರಿಗಳೇ,

ನನ್ನ ಅಕ್ಕ ಲೊರೇನ್ ಮಾತ್ರೆ ಬಿಟ್ಟು ಇಂದಿಗೆ ಹತ್ತೊಂಬತ್ತು ದಿನ. ಬಿಡಿಸಿದವರು ಯಾರು ಎಂದು ನಿಮ್ಮ ಕಚೇರಿಗೆ ಮೂರು ಸಲ ಬರೆದು ಕೇಳಿದೆ. ‘ಅದು ಅವರ ಸ್ವಂತ ನಿರ್ಧಾರ’ ಎಂದು ಮೂರು ಸಲವೂ ಒಂದೇ ಉತ್ತರ ಬಂತು, ಅಲ್ಪವಿರಾಮವೂ ಆಚೀಚೆಯಾಗದೆ. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನೀವು ಓದದಿದ್ದರೆ ಊರಾದರೂ ಓದಲಿ.

ಊರಿಗೆ ಗೊತ್ತಿರಲಿ, ನಮ್ಮದು ಹೆಸರಿಗಷ್ಟೇ ಚರ್ಚು, ಕ್ರೈಸ್ತರದಲ್ಲ; ಮನಸ್ಸನ್ನು ಯಂತ್ರದಲ್ಲಿ ಅಳೆಯುವ ಪಂಥ. ನಾನು ಹೊರಗಿನವನಲ್ಲ. ಇಪ್ಪತ್ತೆರಡು ವರ್ಷದಿಂದ ನಿಮ್ಮ ಮೇಜಿನ ಮುಂದೆ ಕೂತು, ಯಂತ್ರಕ್ಕೆ ತಂತಿಯಿಂದ ಜೋಡಿಸಿದ ಎರಡು ತಗಡಿನ ಡಬ್ಬಿಗಳನ್ನು ಎರಡು ಕೈಯಲ್ಲಿ ಹಿಡಿದು, ಅದರ ಮುಳ್ಳು ಆಡಿಸಿದಂತೆ ಮನಸ್ಸು ಬಿಚ್ಚಿದವನು. ಮುಳ್ಳು ತೇಲಿದರೆ ಮುಗುಳ್ನಗೆ, ನಡುಗಿದರೆ ಮತ್ತೆ ಮೊದಲಿನಿಂದ ವಿಚಾರಣೆ. ಏಳು ಸಾವಿರ ವರ್ಷದ ಹಿಂದೆ ಬೇರೊಂದು ಗ್ರಹದಲ್ಲಿ ಹಡಗು ನಡೆಸುತ್ತಿದ್ದೆನೆಂದು ಅಲ್ಲೇ ಕೂತು ನೆನಪಿಸಿಕೊಂಡೆ. ಮುಳ್ಳು ಹೌದೆಂದಿತು, ನಿಮ್ಮವರು ಬರೆದುಕೊಂಡರು. ಈ ಜನ್ಮದಲ್ಲಿ ದೋಣಿ ಹತ್ತಿದರೆ ನನಗೆ ವಾಂತಿ. ಆಗಲೂ ನಾನು ಅನುಮಾನಪಡಲಿಲ್ಲ.

ಕಳೆದ ಚಳಿಗಾಲದಲ್ಲಿ ಭಾವ ಫ್ರಾಂಕ್ ತೀರಿಕೊಂಡ. ಅಕ್ಕ ಊಟ ಬಿಟ್ಟಳು, ಆಮೇಲೆ ಮಾತು ಬಿಟ್ಟಳು. ಮನೋವೈದ್ಯರೆಂದರೆ ನಮ್ಮಲ್ಲಿ ಮನುಕುಲದ ಶತ್ರುಗಳು. ಆದರೂ ಅವಳು ಯಾರಿಗೂ ಹೇಳದೆ ಒಬ್ಬರ ಬಳಿ ಹೋಗಿ ಮಾತ್ರೆ ಬರೆಸಿಕೊಂಡು ಬಂದಳು. ಎರಡು ತಿಂಗಳಲ್ಲಿ ಮೀನು ಹುರಿದು ನನ್ನನ್ನು ಊಟಕ್ಕೆ ಕರೆಯುವಷ್ಟಾದಳು. ಅವತ್ತೇ ಗುಟ್ಟು ಹೇಳಿ, “ಇದು ನಮ್ಮಿಬ್ಬರಲ್ಲೇ ಇರ್ಲಿ ಕಣೋ ಕ್ಲೈಡ್” ಎಂದಳು.

ಇರಲಿಲ್ಲ. ಮುಂದಿನ ವಾರ ಡಬ್ಬಿ ಹಿಡಿದು ಕೂತಾಗ, ಮನೆಯವರ ವಿಷಯ ಏನಾದರೂ ಮುಚ್ಚಿಟ್ಟಿದ್ದೀರಾ ಎಂಬ ಪ್ರಶ್ನೆ ಬಂತು. ಮುಳ್ಳು ಜಿಗಿಯಿತು. ಇನ್ನೊಬ್ಬರ ತಪ್ಪು ಗೊತ್ತಿದ್ದೂ ವರದಿ ಬರೆಯದಿದ್ದರೆ ನಾನೂ ಪಾಲುದಾರ, ಅದು ನಮ್ಮ ಪದ್ಧತಿ. ಇದು ದೂರಲ್ಲ, ನೆರವು, ಅಕ್ಕನಿಗೆ ಸರಿಯಾದ ಆರೈಕೆ ಸಿಗುತ್ತದೆ ಎಂದು ನಿಮ್ಮವರು ಮೆಲ್ಲಗೆ ಹೇಳಿದರು. ನಂಬಿದೆ. ನನ್ನ ಅತಿ ಚಂದದ ಅಕ್ಷರದಲ್ಲಿ ಒಂದು ಪುಟ ಬರೆದುಕೊಟ್ಟೆ, ಮಾತ್ರೆಯ ಹೆಸರಿನ ಸಮೇತ.

ನೀವು ಕರೆಸಿ ಕೇಳಿದಾಗ ಲೊರೇನ್ ಮಾತ್ರೆ ಬಿಡಲಾರೆ ಎಂದಳಂತೆ. ವಾರದೊಳಗೆ ನಿಮ್ಮ ಬಹಿಷ್ಕಾರದ ಹೊಂಬಣ್ಣದ ಹಾಳೆ ಹೊರಬಿತ್ತು: ಅವಳು ‘ದಮನಕಾರಿ’, ಅಂದರೆ ಚರ್ಚಿನ ಶತ್ರು, ಅವಳೊಡನೆ ಯಾರೂ ಮಾತಾಡಕೂಡದು. ಗಂಡನಿಗಾಗಿ ಅತ್ತ ಹೆಂಗಸು ಯಾರನ್ನು ದಮನ ಮಾಡಿದಳು, ಮಾನ್ಯರೇ? ಸಂಬಂಧ ಕಡಿದುಕೊಳ್ಳುವ ಪತ್ರಕ್ಕೆ ನಾನೂ ಸಹಿ ಹಾಕಿದೆ. ಅದು ನನ್ನ ಸ್ವಂತ ನಿರ್ಧಾರವೇ. ಮಾದರಿ ನಿಮ್ಮದು, ಮಸಿ ನಿಮ್ಮದು, ಮೇಜು ನಿಮ್ಮದು. ಮಾನ ಹೋದದ್ದು ಮಾತ್ರ ನನ್ನದು.

ಆಗಿನಿಂದ ನನಗೂ ಅನುಮಾನದ ರೋಗ. ಆ ಪ್ರಶ್ನೆ ಅದೇ ವಾರ ಏಕೆ ಬಂತು? ಔಷಧದಂಗಡಿಯಲ್ಲಿ ಅವಳನ್ನು ಕಂಡ ಇನ್ನಾರೋ ನನಗಿಂತ ಮೊದಲೇ ವರದಿ ಬರೆದಿದ್ದರೇ? ಮುಳ್ಳು ನನ್ನ ಗುಟ್ಟನ್ನು ಪತ್ತೆ ಹಚ್ಚಿತೋ, ನಿಮಗೆ ಗೊತ್ತಿದ್ದುದನ್ನೇ ನನ್ನ ಬಾಯಿಂದ ಹೇಳಿಸಿತೋ? ಇಪ್ಪತ್ತೆರಡು ವರ್ಷದ ನನ್ನ ಕಡತವನ್ನು ಯಾರು ಯಾರು ಓದುತ್ತಾರೆ?

ಕಳೆದ ಭಾನುವಾರ ತಡೆಯಲಾರದೆ ಪಕ್ಕದ ಊರು ಲಾರ್ಗೊದಲ್ಲಿರುವ ಅವಳ ಮನೆಗೆ ಹೋದೆ. ಅವಳು ಜಾಲರಿ ಬಾಗಿಲ ಚಿಲಕ ತೆಗೆಯಲಿಲ್ಲ. ಕೆನ್ನೆ ಗುಳಿಬಿದ್ದಿತ್ತು. ಮಾತ್ರೆ ಬಿಟ್ಟದ್ದು ಮೊದಲೇ ನನ್ನ ಕಿವಿಗೆ ಬಿದ್ದಿತ್ತು; ನೀವು ವಾಪಸು ಸೇರಿಸಿಕೊಳ್ಳಲಿ ಎಂದು ಎಲ್ಲವನ್ನೂ ಕಸಕ್ಕೆ ಸುರಿದಳಂತೆ. ಚಿಕ್ಕಂದಿನಿಂದ ಮಾಡಿದ ತಪ್ಪುಗಳ ಪಟ್ಟಿ ಬರೆಯುತ್ತಿದ್ದಾಳೆ, ನೂರಾ ಹತ್ತು ಪುಟ ಆಗಿದೆ. ಅದನ್ನು ಹೆಮ್ಮೆಯಿಂದಲೇ ಹೇಳಿದಳು.

“ಐದು ನಿಮಿಷ ಒಳಗೆ ಬಿಡು, ಲೊರೇನ್.”

“ಬೇಡ ಕಣೋ. ನೀನು ಒಳಗೆ ಬಂದ್ರೆ ನಿನ್ನ ಮೇಲೆ ನಾನು ವರದಿ ಬರೀಬೇಕಾಗತ್ತೆ.”

“ಬರಿ. ನಾನು ಬರೆದಿಲ್ವಾ?”

“ನೀನು ನನ್ನ ಒಳ್ಳೇದಕ್ಕೇ ಬರೆದೆ,” ಎಂದಳು. “ಅದು ನಂಗೊತ್ತು.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ, ನಿಮ್ಮ ಮೇಲೆ ಮೊದಲೇ ಇಲ್ಲ. ನನ್ನ ಹೆಸರಿಗೆ ಕಳಂಕ ಬರಬಾರದೆಂದು ಜಾಲರಿಯ ಹಿಂದೆ ನಿಂತು ದಿನೇ ದಿನೇ ಸೊರಗುತ್ತಿದ್ದಾಳೆ. ಇಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟವರನ್ನು ಒಂಟಿಯಾಗಿ ಬಿಡಬಾರದು ಎಂದು ವೈದ್ಯರು ಹೇಳುತ್ತಾರೆ. ಅವಳು ಒಂಟಿಯಾಗಿಯೇ ಇರಬೇಕೆಂದು ನಿಮ್ಮ ಹಾಳೆ ಹೇಳುತ್ತದೆ. ಇಬ್ಬರಲ್ಲಿ ಅವಳು ನಂಬಿರುವುದು ನಿಮ್ಮನ್ನು.

ಆ ಹಾಳೆಯನ್ನು ಹಿಂತೆಗೆದುಕೊಳ್ಳಿ. ಅದು ಆಮೇಲಾದರೂ ಸರಿ. ಅದಕ್ಕೆ ಮೊದಲು, ಈ ಶುಕ್ರವಾರದೊಳಗೆ, ನಿಮ್ಮ ಸಹಿ ಹಾಕಿ ಲೊರೇನ್‌ಗೆ ಎರಡು ಸಾಲು ಬರೆಯಿರಿ: ವೈದ್ಯರು ಹೇಳಿದಂತೆ ಮಾತ್ರೆ ತೆಗೆದುಕೊಳ್ಳಿ, ತಮ್ಮನನ್ನು ಒಳಗೆ ಬಿಡಿ. ಎಲ್ಲವೂ ಅವಳ ಸ್ವಂತ ನಿರ್ಧಾರವೇ ಆಗಿದ್ದರೆ ಇಷ್ಟು ಬರೆಯಲು ನಿಮಗೇನು ಅಡ್ಡಿ? ನನಗೆ ಉತ್ತರ ಬೇಡ. ನಾನು ಹೇಳಿದರೆ ಅವಳು ಕೇಳುವುದಿಲ್ಲ, ನೀವು ಹೇಳಿದರೆ ಕೇಳುತ್ತಾಳೆ. ನನ್ನ ಭಯವೂ ಅದೇ, ಉಳಿದಿರುವ ಭರವಸೆಯೂ ಅದೇ.

ಇಂತಿ,
ಇವತ್ತಿನವರೆಗೆ ನಿಮ್ಮ ಪಟ್ಟಿಯಲ್ಲಿ ಒಳ್ಳೆಯವನಾಗಿದ್ದ
ಒಬ್ಬ ತಮ್ಮ