ಅತ್ತೆ ಚಿವುಟಿದ ಸೇವಂತಿಗೆ

ನವೆಂಬರ್ ೨, ಭಾನುವಾರ. ತುಳಸಿ ಹಬ್ಬ.

ಬುಟ್ಟಿಯನ್ನು ನಾನೇ ಕೊಟ್ಟೆ. ಅದೇ ಕೊರೆಯುತ್ತಿದೆ.

ಬೆಳಿಗ್ಗೆ ಕಾಫಿಗೂ ಮೊದಲೇ ಪಕ್ಕದ ಮನೆಯ ಶ್ರೀವಾಣಿ ಗೇಟು ತೆಗೆದು ಬಂದಳು. "ನಿಮಗೆ ಈ ವರ್ಷ ಹಬ್ಬ ಇಲ್ವಲ್ರೀ. ಗಿಡದಲ್ಲೇ ಬಾಡಿ ಹೋಗತ್ತೆ, ದೇವರಿಗಾದ್ರೂ ಸೇರ್ಲಿ" ಎಂದು ನಮ್ಮ ಸೇವಂತಿಗೆಯನ್ನೆಲ್ಲ ಕಿತ್ತು ಬುಟ್ಟಿಗೆ ತುಂಬಿಕೊಂಡಳು. ಮೊಗ್ಗನ್ನೂ ಬಿಡಲಿಲ್ಲ.

ಹೌದು, ಅತ್ತೆ ತೀರಿಕೊಂಡು ವರ್ಷ ತುಂಬುವವರೆಗೆ ನಮಗೆ ಹಬ್ಬವಿಲ್ಲ. ಆದರೆ ಆ ಗಿಡಗಳ ಕುಡಿಯನ್ನು ಆಷಾಢದಲ್ಲಿ, ಮಂಡಿನೋವಿನಲ್ಲೂ ಕೂತು, ಒಂದೊಂದಾಗಿ ಚಿವುಟಿದವರು ಅವರೇ. "ಈಗ ಚಿವುಟಿದ್ರೆ ಕಾರ್ತೀಕಕ್ಕೆ ಗಿಡದ ತುಂಬ ಹೂವು, ನೋಡ್ತಿರು ಕಣೆ" ಅಂದಿದ್ದರು. ಶ್ರಾವಣದಲ್ಲಿ ಹೋಗಿಬಿಟ್ಟರು. ಆಮೇಲೆ ನೀರು ಹಾಕಿದ್ದು, ಹುಳ ಆರಿಸಿದ್ದು, ಬಿರಿಯಲೆಂದು ಕಾದದ್ದು ನಾನು. ನಾಲ್ಕು ದಿನ ಕಣ್ತುಂಬ ನೋಡೋಣ ಎಂದುಕೊಂಡಿದ್ದೆ.

ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಅವಳ ಅಂಗಳದಲ್ಲಿ ಸೇರಿದ್ದರು. ಸಾವಾದ ಮನೆಯವಳೆಂದು ನನ್ನನ್ನು ಕರೆಯಲಿಲ್ಲ. ಅದೇ ಮನೆಯ ಹೂವಿಗೆ ಮಾತ್ರ ಯಾವುದೂ ಅಡ್ಡ ಬರಲಿಲ್ಲ.

ಕಾಂಪೌಂಡಿನ ಮೇಲಿಂದ ಇಣುಕಿದೆ. ಅವಳ ಕುಂಡಗಳಲ್ಲೂ ಸೇವಂತಿಗೆ ತುಂಬಿಕೊಂಡಿತ್ತು. ಒಂದನ್ನೂ ಕಿತ್ತಿರಲಿಲ್ಲ.

"ಗಿಡದಲ್ಲೇ ಇದ್ರೆ ಎಷ್ಟು ಚೆಂದ ಅಲ್ವಾ" ಎಂದು ಯಾರಿಗೋ ಹೇಳುತ್ತಿದ್ದಳು.