ಹದಿನಾರು ಅಕ್ಷರದ ಜಾಗ

ಇನ್ನಂಜೆ
19 ಜೂನ್ 2005, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀ? ಹೆಬ್ರಿಯ ನೀರು ಒಗ್ಗಿತಾ, ಕೆಮ್ಮು ಕಡಿಮೆಯಾಯಿತಾ? ನಿನ್ನ ಕಂಪ್ಯೂಟರ್ ಕ್ಲಾಸಿಗೆ ಮಕ್ಕಳು ಸೇರಿದ್ದಾರೆಂದು ಬೇರೆಯವರಿಂದ ಕೇಳಿದೆ. ಅಮ್ಮ ಹುಷಾರಿದ್ದಾರೆ, ಮಂಡಿನೋವು ಮಾತ್ರ ಉಂಟು.

ಆಸ್ಪತ್ರೆಯ ಆ ಲ್ಯಾಬ್ ರಿಪೋರ್ಟಿನ ವಿಷಯ ಬರೆಯಬೇಕು. ರಕ್ತ ಪರೀಕ್ಷೆಯ ಮೆಷಿನ್‌ನಿಂದ ರೋಗಿಯ ಹೆಸರು ತರುವ ಪ್ರೋಗ್ರಾಂ ನೀನು ಸಿ ಭಾಷೆಯಲ್ಲಿ ಬರೆದದ್ದು, ಏಳು ವರ್ಷ ಒಂದೂ ದೂರಿಲ್ಲದೆ ನಡೆಯಿತು. ರಿಪೋರ್ಟಿನ ಚೀಟಿ ಅಚ್ಚು ಹಾಕುವ ಹೊಸ ಪ್ರೋಗ್ರಾಂ ಡಾಟ್‌ನೆಟ್‌ನಲ್ಲಿ ಮಾಡಿ ಅದಕ್ಕೆ ಜೋಡಿಸಿದವಳು ನಾನು. ಹೆಸರು ಬೇಕಾದರೆ ನನ್ನ ಕಡೆಯಿಂದ ಖಾಲಿ ಜಾಗ ಕೊಟ್ಟು, ಅದು ಎಷ್ಟು ಅಕ್ಷರದ್ದು ಎಂದು ಹೇಳಬೇಕು. ನಿನ್ನ ಪ್ರೋಗ್ರಾಂ ಅಷ್ಟನ್ನೇ ತುಂಬಿಸುತ್ತದೆ. ಅರವತ್ತನಾಲ್ಕು ಕೊಡಬೇಕೆಂದು ನೀನು ಬರೆದಿಟ್ಟಿದ್ದೆ. ಪರೀಕ್ಷೆಗೆಂದು ಹದಿನಾರು ಹಾಕಿದ ನಾನು ಹಾಗೆಯೇ ಬಿಟ್ಟುಬಿಟ್ಟೆ. ನಮ್ಮ ಕಡೆಯ ಹೆಸರುಗಳು ಹೆಚ್ಚಾಗಿ ಅದರಲ್ಲಿ ಹಿಡಿಸುತ್ತಿದ್ದವು, ಗೊತ್ತಾಗಲಿಲ್ಲ.

ಮಾರ್ಚಿನಲ್ಲಿ ಹಾಸ್ಟೆಲ್ ಕಟ್ಟುವ ಕೆಲಸಕ್ಕೆ ಬಂದಿದ್ದ ಇಬ್ಬರು ಹೆಂಗಸರು ಒಂದೇ ದಿನ ಪರೀಕ್ಷೆಗೆ ರಕ್ತ ಕೊಟ್ಟರು. ರಾಚವ್ವ ಬಾಲಪ್ಪ ಬಾದಾಮಿ, ರಾಚವ್ವ ಬಾಲಪ್ಪ ಕುಷ್ಟಗಿ. ಇಂಗ್ಲಿಷಿನಲ್ಲಿ ಬರೆದರೆ ನಡುವಿನ ಖಾಲಿ ಜಾಗವೂ ಸೇರಿ 'ಬಾಲಪ್ಪ'ನಿಗೆ ಹದಿನಾರು ಅಕ್ಷರ ಮುಗಿಯುತ್ತದೆ. ಎರಡು ಚೀಟಿಯಲ್ಲೂ ಒಂದೇ ಹೆಸರು ಬಂತು, ಒಬ್ಬಳ ರಕ್ತದ ಗುಂಪಿನ ಚೀಟಿ ಇನ್ನೊಬ್ಬಳ ಕೈಗೆ ಹೋಯಿತು. ಬಾದಾಮಿಯವಳು ಏಳು ತಿಂಗಳ ಬಸುರಿ, ಅವಳಿಗೆ ರಕ್ತ ಏರಿಸುವುದಿತ್ತು. ನರ್ಸ್ ಗ್ಲ್ಯಾಡಿಸ್ ಇನ್ನೊಮ್ಮೆ ಪರೀಕ್ಷೆ ಮಾಡಿಸಿದ್ದರಿಂದ ಬದುಕಿದಳು.

ಮೀಟಿಂಗಿನಲ್ಲಿ ನಮ್ಮ ಕಂಪನಿಯ ಯಜಮಾನರು ಉಮಾನಾಥ ಸರ್ "ತಪ್ಪಿದ್ದು ಎಲ್ಲಿ?" ಎಂದು ಕೇಳಿದಾಗ "ಹಳೇ ಕೋಡಿನಲ್ಲೇ ಎಂತದೋ ಉಂಟು ಸರ್" ಎಂದುಬಿಟ್ಟೆ. ನೀನು ಮೆಲ್ಲಗೆ, "ನೀನು ಕೊಟ್ಟ ಜಾಗ ಒಮ್ಮೆ ನೋಡು ಮಾರಾಯ್ತಿ" ಎಂದೆ. "ನನ್ನದು ನೋಡಿ ಆಯಿತು" ಎಂದು ನಾನು ಎಲ್ಲರೆದುರೇ ಹೇಳಿದೆ. ನೀನು ಅಂದೇ ಕೆಲಸ ಬಿಟ್ಟೆ.

ಹೋದ ವಾರ ಹದಿನಾರು ಎಂದಿದ್ದ ಆ ಸಾಲು ಕಣ್ಣಿಗೆ ಬಿತ್ತು, ಸರಿ ಮಾಡಿದೆ. ನಿನ್ನೆ ಉಮಾನಾಥ ಸರ್‌ಗೆ ಹೇಳಿದೆ. ಅವರು ನಿನ್ನ ಹೆಸರೆತ್ತಿ, "ರಾಮದಾಸನಿಗೆ ಈಗ ಎಂತ ಹೇಳುವುದು?" ಎಂದರು. ಬಾದಾಮಿಯ ರಾಚವ್ವನಿಗೆ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಇದು ನಿನಗೆ ತಿಳಿಯಬೇಕೆನಿಸಿತು.

ಅಮ್ಮನ ಆಶೀರ್ವಾದ ನಿನಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಸುಭಾಷಿಣಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯವಾಗದ್ದು. ಹೋದ ವಾರ ಎಂದದ್ದು ಸುಳ್ಳು ಅಣ್ಣಾ, ಸರ್‌ಗೂ ಹಾಗೆಯೇ ಹೇಳಿದ್ದೇನೆ. ಆ ಸಾಲು ನೋಡಿದ್ದು ಮೀಟಿಂಗಿನ ದಿನ ಸಂಜೆಯೇ, ನೀನು ಮೇಜು ಖಾಲಿ ಮಾಡುತ್ತಿದ್ದಾಗ. ಸದ್ದಿಲ್ಲದೆ ಅರವತ್ತನಾಲ್ಕು ಮಾಡಿದೆ. ಆಮೇಲೆ ನಿನ್ನ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದೆ.